ಮೊದಲು ಓ ಅಂದವರು

ಇಪ್ಪತ್ತೆರಡು ಡಬ್ಬಿ. ಮುಚ್ಚಿಹೋದ ಯಾವುದೋ ಬ್ಯಾಂಕ್ ಶಾಖೆಯವು.
ಡಿಸ್ಕುಗಳನ್ನು ಅವರೇ ಅಳಿಸಿ ಕಳಿಸಿದ್ದಾರೆ,
ಯಾರ ಖಾತೆ, ಯಾರ ಸಾಲ, ಒಂದೂ ನೆನಪಿಲ್ಲ ಅವಕ್ಕೆ.
ಉಮದಿಯ ಕನ್ನಡ ಶಾಲೆ, ಬೇಸಿಗೆ ರಜೆಯ ರಾತ್ರಿ.
ಲ್ಯಾಬಿನ ನೆಲದ ಮೇಲೆ ಕೂತು ನೀಲಿ ತಂತಿಗಳನ್ನೆಲ್ಲ
ಒಂದು ಸ್ವಿಚ್ಚಿಗೆ ಸಿಕ್ಕಿಸುತ್ತೇನೆ,
ಸ್ವಿಚ್ಚಿನಿಂದ ಒಂದೇ ಒಂದು, ನನ್ನ ಹಳೇ ಲ್ಯಾಪ್‌ಟಾಪಿಗೆ.

"ಇಷ್ಟಕ್ಕೂ ನೀ ಒಬ್ಬಾಕಿನ?" ಅಂತಾನೆ ಸಿಪಾಯಿ ಅಮಸಿದ್ಧ,
ಬಾಗಿಲಲ್ಲಿ ಬ್ಯಾಟರಿ ಹಿಡಿದು.
"ಒಬ್ಬಾಕಿ ಹೇಳ್ತೀನಿ ಕಾಕಾ. ಅವು ಎಲ್ಲಾ ಕೇಳ್ತಾವ."

ಗುಂಡಿ ಒತ್ತಿದೊಡನೆ
ತಲೆ ಖಾಲಿಯಿರುವ ಯಂತ್ರ ಮೊದಲು ಮಾಡುವ ಕೆಲಸ
ಕೂಗುವುದು. ಇಂಥವರಿಗೇ ಅಂತಲ್ಲ, ತಂತಿಯುದ್ದಕ್ಕೂ:
ಯಾರಾದರೂ ಇದ್ದೀರಾ? ನನಗೊಂದು ವಿಳಾಸ ಕೊಡಿ.
ಕಾರ್ಖಾನೆಯವರು ಹಾಕಿದ ಹನ್ನೆರಡಕ್ಷರದ ಹಚ್ಚೆಯೊಂದೇ
ಅದಕ್ಕೆ ಗೊತ್ತು. ಅದನ್ನೇ ಹೇಳಿಕೊಂಡು ಕಾಯುತ್ತದೆ,
ಕಪ್ಪು ಪರದೆಯಲ್ಲಿ ಚುಕ್ಕಿಯ ಮುಂದೆ ಚುಕ್ಕಿ,
ಚುಕ್ಕಿಯ ಮುಂದೆ ಚುಕ್ಕಿ.

ಹದಿನಾಲ್ಕು ಬಂದವು. ಎಂಟು ದಾರಿ ತಪ್ಪಿದವು.
ವಿಳಾಸ ಸಿಕ್ಕಿದೆ ಅನ್ನುತ್ತವೆ, ನಾನು ಕೊಟ್ಟದ್ದಲ್ಲ.
ಹುಡುಕಿದೆ, ಬೈದೆ, ಮತ್ತೆ ಹುಡುಕಿದೆ.
ಕೊನೆಗೆ ಬಿರಾದಾರ ಅಕ್ಕೋರ ಕೋಣೆಯಲ್ಲಿ,
ಹಾಜರಿ ಪುಸ್ತಕಗಳ ಗಂಟಿನ ಹಿಂದೆ, ಹಸಿರು ಕಣ್ಣು ಮಿಟುಕಿಸುತ್ತ
ಒಂದು ರೂಟರು. ಇದೇ ತಂತಿಗೆ ಆತುಕೊಂಡು
ಕೇಳಿದವರಿಗೆಲ್ಲ ಧಾರಾಳವಾಗಿ ವಿಳಾಸ ಹಂಚುತ್ತಿದೆ.

"ಇಬ್ಬರು ಓ ಅಂದ್ರ ಇವು ಯಾರ ಮಾತು ಕೇಳ್ತಾವ?"
"ಯಾರು ಮೊದಲ ಅಂತಾರ, ಅವರದು."
ಅಮಸಿದ್ಧ ನಗಲಿಲ್ಲ. ಕಿಟಕಿಗೆ ಹೋಗಿ ಫೋನು ಎತ್ತಿ ತೋರಿಸಿದ:
"ಇಲ್ಲಿ ನಿಂತ್ರ ಕರ್ನಾಟಕದ ಟವರ್.
ಆ ಕರಿಹಲಗಿ ಕಡೆ ಹೋದ್ರ ಮಹಾರಾಷ್ಟ್ರ.
ಮಗಳು ಫೋನ್ ಮಾಡೂ ಹೊತ್ತಿಗೆ ನಾ ಎಲ್ಲಿ ನಿಂತೀನಿ, ಅದರ ಮ್ಯಾಲ."
ನಾನು ರೂಟರಿನ ತಂತಿ ಕಿತ್ತೆ.

ಆಮೇಲೆ ಮಗ್ಗಿ.
ಒಬ್ಬರು ಎರಡೊಂದ್ಲೆ ಎರಡು ಅಂದರೆ ಇಡೀ ತರಗತಿ ಅಂದ ಹಾಗೆ
ಲ್ಯಾಪ್‌ಟಾಪು ಒಮ್ಮೆ ಹೇಳುತ್ತದೆ,
ಇಪ್ಪತ್ತೆರಡೂ ಕರಕರ ಬರೆದುಕೊಳ್ಳುತ್ತವೆ.
ಮಗ್ಗಿಯ ಕಟ್ಟಳೆ ಇಲ್ಲಿಯೂ ಇದೆ:
ಎಲ್ಲರಿಗಿಂತ ಹಿಂದೆ ಬಿದ್ದವನು ಮುಗಿಸುವ ತನಕ
ಮುಂದಿನ ಸಾಲಿಲ್ಲ.
ಒಂಬತ್ತನೆಯದು ತೊದಲುತ್ತಿತ್ತು.
ನೂರಕ್ಕೆ ಮೂರು. ನೂರಕ್ಕೆ ಮೂರು. ನೂರಕ್ಕೆ ನಾಲ್ಕು.
ಇಪ್ಪತ್ತೊಂದು ಬಾಯಿ ತೆರೆದು ಕಾಯುತ್ತಿದ್ದವು.

ಕೈಬಿಡಬಹುದಿತ್ತು. ಅದಕ್ಕೊಂದು ಬಟನ್ ಇದೆ,
ನನ್ನ ಬೆರಳೂ ಅಲ್ಲೇ ಇತ್ತು.
ತಂತಿಯನ್ನು ಬ್ಯಾಟರಿಯ ಬೆಳಕಿಗೆ ಹಿಡಿದೆ: ಇಲಿ ಕಡಿದಿದೆ.
ಕತ್ತರಿಸಿ, ಸಿಪ್ಪೆ ಸುಲಿದು, ಎಂಟು ಎಳೆ ಬಿಡಿಸಿ ನೇರ ಮಾಡಿದೆ.
ಸೋಲಾಪುರದ ಪಾಲಿಟೆಕ್ನಿಕ್ಕಿನಲ್ಲಿ ಕಲಿತದ್ದು ಮರಾಠಿಯಲ್ಲಿ,
ಬಾಯಿಗೆ ಬರುವುದು ಮಾತ್ರ
ಅವ್ವ ಕೌದಿಗೆ ದಾರ ಆರಿಸುತ್ತ ಗುನುಗಿದ ಹಾಗೆ:
ಬಿಳಿಕಿತ್ತಳಿ, ಕಿತ್ತಳಿ, ಬಿಳಿಹಸರು, ನೀಲಿ,
ಬಿಳಿನೀಲಿ, ಹಸರು, ಬಿಳಿಕಂದು, ಕಂದು.
ಕಟಕ್.

ಎರಡೂವರೆಗೆ ಇಪ್ಪತ್ತೆರಡೂ ಒಟ್ಟಿಗೆ ಎದ್ದು ಅಂದವು:
ಸ್ವಾಗತ.
ಓದಿದರೆ ಅದೇ ಶಬ್ದ. ಅಕ್ಷರ ಮಾತ್ರ ದೇವನಾಗರಿ.
ಹೋದ ವಾರ ತಾಸಗಾವಿನ ಶಾಲೆಗೆ ಬರೆದ ಕಡತ,
ಒಂದು ಸಾಲು ತಿದ್ದಲು ಮರೆತಿದ್ದೆ.
ಒಬ್ಬಾಕಿ ಹೇಳಿದ್ದು ಎಲ್ಲಾ ಕೇಳಿದ್ದವು.

ಅಮಸಿದ್ಧ ಪರದೆಗೆ ಮೂಗು ತಾಗಿಸಿ
ಕೂಡಿಸಿ ಕೂಡಿಸಿ ಓದಿದ. "ಸ್ವಾ-ಗ-ತ. ಬರೋಬರಿ ಐತಲ್ಲ?"
"ಓದಾಕ ಬರೋಬರಿ ಐತಿ ಕಾಕಾ. ಎರಡನೇತ್ತೆ ಹುಡುಗರಿಗೆ ಅಲ್ಲ."

ಸಾಲು ತಿದ್ದಿದೆ. ಎಲ್ಲವನ್ನೂ ಆರಿಸಿದೆವು.
ಮತ್ತೆ ಒಂದನೆಯದರಿಂದ ಆತನೇ ಗುಂಡಿ ಒತ್ತುತ್ತ ಬಂದ,
ಚಹಾದ ಲೋಟ ಇನ್ನೊಂದು ಕೈಯಲ್ಲಿ.
ಒಂಬತ್ತನೆಯದರ ಮುಂದೆ ನಿಂತ.
ಚುಕ್ಕಿ, ಚುಕ್ಕಿ, ಚುಕ್ಕಿ.
"ತಡಿ," ಅಂದ ಅದಕ್ಕೆ. "ಒದರಬ್ಯಾಡ. ಓ ಅಂತಾಳ."